ತುಮರಿಯ ಚಿಕ್ಕಮ್ಮನಿಗೆ ಯಾವ ಫೋನ್?

ಕಳೆದ ತಿಂಗಳು ಶರಾವತಿ ಹಿನ್ನೀರಿನಾಚೆಯ ತುಮರಿಯ ಚಿಕ್ಕಮ್ಮ ಸಾಗರದ ಮೊಬೈಲ್ ಅಂಗಡಿಯಿಂದ ಎರಡು ಚಿತ್ರ ಕಳಿಸಿದರು. ಎರಡೂ ಫೋನ್ ಡಬ್ಬಿಗಳ ಚಿತ್ರ. ಜೊತೆಗೆ ಒಂದು ಧ್ವನಿ ಸಂದೇಶ: "ಅಂಗಡಿಯ ಹುಡುಗ ಮೊದಲನೆಯದನ್ನೇ ತೆಗೆದುಕೊಳ್ಳಿ ಎನ್ನುತ್ತಿದ್ದಾನೆ. ಅದರಲ್ಲಿ ಎಲ್ಲ ಸಂಖ್ಯೆಯೂ ದೊಡ್ಡದಂತೆ, ಬೆಲೆಯೂ ಎರಡು ಸಾವಿರ ಕಡಿಮೆ. ನೀನು ಏನು ಹೇಳುತ್ತೀಯ? ಮೂರು ಗಂಟೆಯ ಬಸ್ಸಿಗೆ ಹೊರಡಬೇಕು."

ಇವತ್ತು ಬರಿಗೈಯಲ್ಲೇ ಬಸ್ಸು ಹತ್ತಿ, ಮುಂದಿನ ವಾರ ತೆಗೆದುಕೊಳ್ಳೋಣ ಎಂದೆ. ರಾತ್ರಿ ಎರಡೂ ಫೋನ್‌ಗಳ ವಿವರವನ್ನು ಎದುರಿಗಿಟ್ಟುಕೊಂಡು ಕುಳಿತೆ. ಮೊದಲನೆಯದರ ಬೆಲೆ 16,999 ರೂಪಾಯಿ. 12 ಜಿಬಿ ರ‍್ಯಾಮ್, 108 ಮೆಗಾಪಿಕ್ಸೆಲ್ ಕ್ಯಾಮೆರಾ, 67 ವ್ಯಾಟ್ ಚಾರ್ಜರ್. ಎರಡನೆಯದಕ್ಕೆ 18,999 ರೂಪಾಯಿ. 6 ಜಿಬಿ ರ‍್ಯಾಮ್, 50 ಮೆಗಾಪಿಕ್ಸೆಲ್, 25 ವ್ಯಾಟ್. ಚಾರ್ಜರನ್ನು ಬೇರೆಯಾಗಿಯೇ ಕೊಳ್ಳಬೇಕು. ಎರಡರಲ್ಲೂ 128 ಜಿಬಿ ಸಂಗ್ರಹ, 5,000 ಎಂಎಎಚ್ ಬ್ಯಾಟರಿ, 5ಜಿ. ಫೋನ್‌ಗಳ ಹೆಸರು ಹೇಳುವುದಿಲ್ಲ. ಈ ಬೆಲೆಯ ಮಾದರಿಗಳು ಆರು ತಿಂಗಳಿಗೊಮ್ಮೆ ಬದಲಾಗುತ್ತವೆ. ಆದರೆ ಸಾಗರವಿರಲಿ, ಸಿಂಧನೂರಿರಲಿ, ಅಂಗಡಿಗೆ ಹೋದವರ ಮುಂದೆ ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಇಂಥದೇ ಒಂದು ಜೋಡಿ.

ಡಬ್ಬಿ ನೋಡುವ ಮೊದಲು ಕೊಳ್ಳುವವರನ್ನು ನೋಡಬೇಕು. ಚಿಕ್ಕಮ್ಮ ಫೋನಿನಲ್ಲಿ ಮಾಡುವ ಕೆಲಸಗಳು ನನಗೆ ಗೊತ್ತು. ಬೆಳಿಗ್ಗೆ ಅಡಿಕೆ ಧಾರಣೆ ನೋಡುತ್ತಾರೆ. ಬೆಂಗಳೂರಿನಲ್ಲಿರುವ ಮಗನೊಂದಿಗೆ ವಿಡಿಯೊ ಕರೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಯುಪಿಐ. ರಾತ್ರಿ ಯಕ್ಷಗಾನದ ವಿಡಿಯೊ. ತೋಟದಲ್ಲಿ ಎಲೆಚುಕ್ಕಿ ರೋಗ ಕಂಡರೆ ಸೋಗೆಯ ಚಿತ್ರ ತೆಗೆದು ತಿಳಿದವರಿಗೆ ಕಳಿಸುವುದು. ಅವರ ಈಗಿನ ಫೋನಿಗೆ ಆರು ವರ್ಷ. ಮುಂದಿನದನ್ನೂ ಅಷ್ಟೇ ಕಾಲ ಬಳಸುತ್ತಾರೆ. ಎರಡು ವರ್ಷಕ್ಕೊಮ್ಮೆ ಫೋನ್ ಬದಲಿಸುವ ಮನೆಯಲ್ಲ ಅದು. ಈ ಆರು ವರ್ಷ ಎಂಬ ಮಾತೇ ಇಡೀ ಲೆಕ್ಕವನ್ನು ತಿರುಗಿಸುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಸಂಖ್ಯೆಗಳೆಲ್ಲ ಫೋನ್ ಮೊದಲ ದಿನ ಹೇಗಿರುತ್ತದೆ ಎಂಬುದನ್ನು ಹೇಳುತ್ತವೆ. ನಾಲ್ಕನೆಯ ವರ್ಷ ಅದು ಹೇಗಿರುತ್ತದೆ ಎಂಬುದನ್ನು ತೀರ್ಮಾನಿಸುವ ಸಂಗತಿಗಳು ಡಬ್ಬಿಯ ಮೇಲೆ ಸಾಮಾನ್ಯವಾಗಿ ಇರುವುದೇ ಇಲ್ಲ.

ಅವುಗಳಲ್ಲಿ ಮೊದಲನೆಯದು ಅಪ್‌ಡೇಟ್. ಇದರಲ್ಲಿ ಎರಡು ಬಗೆ. ಆಂಡ್ರಾಯ್ಡ್ 15, 16 ಎಂದು ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿ ಒಂದು. ಭದ್ರತಾ ಅಪ್‌ಡೇಟ್ ಇನ್ನೊಂದು. ಫೋನಿನ ತಂತ್ರಾಂಶದಲ್ಲಿ ತೂತುಗಳು ಪತ್ತೆಯಾಗುತ್ತಲೇ ಇರುತ್ತವೆ. ಗೂಗಲ್ ಅವುಗಳ ಪಟ್ಟಿಯನ್ನೂ ತೇಪೆಯನ್ನೂ ಕಾಲಕಾಲಕ್ಕೆ ಪ್ರಕಟಿಸುತ್ತದೆ, ಫೋನ್ ಕಂಪನಿ ಆ ತೇಪೆಯನ್ನು ತನ್ನ ಫೋನಿಗೆ ಹೊಂದಿಸಿ ಕಳಿಸಬೇಕು. ಹೊಸ ಆವೃತ್ತಿ ಬರದಿದ್ದರೆ ದೊಡ್ಡ ನಷ್ಟವೇನಿಲ್ಲ. ಭದ್ರತಾ ಅಪ್‌ಡೇಟ್ ನಿಂತರೆ, ಪತ್ತೆಯಾದ ತೂತುಗಳು ಮುಚ್ಚದೆ ಹಾಗೆಯೇ ಉಳಿಯುತ್ತವೆ. ಬ್ಯಾಂಕಿನ ಖಾತೆಯೇ ಫೋನಿನೊಳಗೆ ಬಂದು ಕುಳಿತಿರುವ ಕಾಲದಲ್ಲಿ ಇದು ಮನೆಯ ಹಿಂಬಾಗಿಲಿನ ಚಿಲಕದ ವಿಷಯ.

ಕಂಪನಿಗಳು ಅಪ್‌ಡೇಟನ್ನು ಏಕೆ ನಿಲ್ಲಿಸುತ್ತವೆ? ಪ್ರತಿ ಫೋನಿನಲ್ಲೂ ಚಿಪ್, ಕ್ಯಾಮೆರಾ, ಮೋಡೆಮ್‌ಗಳನ್ನು ನಡೆಸುವ ಒಳಗಿನ ತಂತ್ರಾಂಶವೊಂದಿರುತ್ತದೆ. ಅದನ್ನು ಬರೆಯುವುದು ಹೆಚ್ಚಾಗಿ ಚಿಪ್ ತಯಾರಿಸಿದ ಕ್ವಾಲ್ಕಾಮ್, ಮೀಡಿಯಾಟೆಕ್‌ನಂಥ ಕಂಪನಿಗಳು. ಆಂಡ್ರಾಯ್ಡ್ ಬದಲಾದಂತೆ ಅದನ್ನೂ ತಿದ್ದಬೇಕು, ಮಾದರಿಯಿಂದ ಮಾದರಿಗೆ ಪರೀಕ್ಷಿಸಬೇಕು. ಒಮ್ಮೆ ಮಾರಿದ ಫೋನಿನಿಂದ ಮತ್ತೆ ಹಣ ಬರುವುದಿಲ್ಲವಾದ್ದರಿಂದ ಕಡಿಮೆ ಬೆಲೆಯ ಫೋನ್‌ಗಳಲ್ಲಿ ಈ ಕೆಲಸ ಬೇಗ ನಿಲ್ಲುತ್ತಿತ್ತು. ಈಚೆಗೆ ಪರಿಸ್ಥಿತಿ ಬದಲಾಗಿದೆ. 2023ರ ಅಕ್ಟೋಬರ್‌ನಲ್ಲಿ ಬಂದ ಪಿಕ್ಸೆಲ್ 8ಕ್ಕೆ ಗೂಗಲ್ ಏಳು ವರ್ಷದ ಭರವಸೆ ಕೊಟ್ಟಿತು. 2024ರ ಜನವರಿಯಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಸ್ಯಾಮ್‌ಸಂಗ್ ಕೂಡ ಏಳು ವರ್ಷ ಎಂದಿತು. ಅವು ದುಬಾರಿ ಫೋನ್‌ಗಳು, ನಮ್ಮಂಥವರಿಗೇನು ಎನ್ನುವಷ್ಟರಲ್ಲಿ ಅದೇ ವರ್ಷ ಇಪ್ಪತ್ತು ಸಾವಿರದೊಳಗಿನ ಗ್ಯಾಲಕ್ಸಿ ಎ16 5ಜಿಗೂ ಆರು ವರ್ಷದ ಭರವಸೆ ಬಂತು. ಅಗ್ಗದ ಫೋನಿಗೆ ದೀರ್ಘ ಆಯಸ್ಸು ಅಸಾಧ್ಯ ಎಂಬ ಮಾತು ಅಂದಿಗೆ ಮುಗಿಯಿತು.

ಚಿಕ್ಕಮ್ಮನ ಮುಂದಿದ್ದ ಮೊದಲ ಫೋನಿಗೆ ಮೂರು ವರ್ಷದ ಭದ್ರತಾ ಅಪ್‌ಡೇಟ್ ಇತ್ತು, ಎರಡನೆಯದಕ್ಕೆ ಆರು ವರ್ಷ. ಇಲ್ಲೊಂದು ಸೂಕ್ಷ್ಮವಿದೆ, ಬಹಳಷ್ಟು ಜನ ಎಡವುವುದು ಇಲ್ಲೇ. ಈ ವರ್ಷಗಳ ಎಣಿಕೆ ಶುರುವಾಗುವುದು ನಾವು ಫೋನ್ ಕೊಂಡ ದಿನದಿಂದಲ್ಲ, ಅದು ಮಾರುಕಟ್ಟೆಗೆ ಬಿಡುಗಡೆಯಾದ ದಿನದಿಂದ. ದೀಪಾವಳಿಯ ರಿಯಾಯಿತಿಯಲ್ಲಿ ಸಿಗುವ ಎರಡು ವರ್ಷ ಹಳೆಯ ಮಾದರಿಯ ಆಯಸ್ಸಿನಲ್ಲಿ ಎರಡು ವರ್ಷ ಆಗಲೇ ಕಳೆದಿರುತ್ತದೆ. ಐರೋಪ್ಯ ಒಕ್ಕೂಟ ಈ ಎಣಿಕೆಯನ್ನು ತಿರುಗಿಸಿಬಿಟ್ಟಿದೆ: 2025ರ ಜೂನ್ 20ರಿಂದ ಅಲ್ಲಿ ಜಾರಿಯಲ್ಲಿರುವ ನಿಯಮದ ಪ್ರಕಾರ, ಕಂಪನಿ ಆ ಮಾದರಿಯ ಮಾರಾಟ ನಿಲ್ಲಿಸಿದ ದಿನದಿಂದ ಕನಿಷ್ಠ ಐದು ವರ್ಷ ಅಪ್‌ಡೇಟ್ ಸಿಗಬೇಕು. ಕೊಳ್ಳುವವರ ಕಡೆಯಿಂದ ಎಣಿಸಿದರೆ ಇದೇ ನ್ಯಾಯ.

ನಮ್ಮ ಎರಡನೆಯ ಫೋನ್ ಬಿಡುಗಡೆಯಾಗಿ ಹೆಚ್ಚುಕಡಿಮೆ ಒಂದು ವರ್ಷವಾಗಿತ್ತು. ಆದ್ದರಿಂದ ಉಳಿದದ್ದು ಐದು ವರ್ಷ. ಸುಮಾರು 19,000 ರೂಪಾಯಿಯನ್ನು ಐದರಿಂದ ಭಾಗಿಸಿದರೆ ವರ್ಷಕ್ಕೆ 3,800. ಮೊದಲನೆಯದು ಆಗಷ್ಟೇ ಬಂದ ಫೋನ್. ಅದರ 17,000ವನ್ನು ಮೂರರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 5,700. ಎರಡು ಸಾವಿರ ಅಗ್ಗವಾಗಿ ಕಂಡದ್ದು ನಿಜಕ್ಕೂ ದುಬಾರಿ. ಅಪ್‌ಡೇಟ್ ನಿಂತ ಮರುದಿನವೇ ಫೋನ್ ಕೆಡುವುದಿಲ್ಲ ಎಂಬುದನ್ನೂ ಹೇಳಬೇಕು. ವಾಟ್ಸ್‌ಆ್ಯಪ್ 2025ರಲ್ಲೂ 2014ರ ಆಂಡ್ರಾಯ್ಡ್ 5ರ ಮೇಲೆ ನಡೆಯುತ್ತಿತ್ತು. ಅದಕ್ಕೂ ಹಿಂದಿನವನ್ನು ಅದು ಕೈಬಿಟ್ಟದ್ದು 2025ರ ಆರಂಭದಲ್ಲಿ. ಬ್ಯಾಂಕಿನ ಆ್ಯಪ್‌ಗಳು ಮಾತ್ರ ಇಷ್ಟು ಉದಾರವಾಗಿಲ್ಲ.

ಇನ್ನು ರ‍್ಯಾಮ್. 12 ಎಂದು ದೊಡ್ಡದಾಗಿ ಬರೆದಿದ್ದ ಆ ಡಬ್ಬಿಯ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಕೆಳಗೆ ಸಾಸಿವೆಕಾಳಿನಷ್ಟು ಸಣ್ಣ ಅಕ್ಷರದಲ್ಲಿ 6+6 ಎಂದಿತ್ತು.

ರ‍್ಯಾಮ್ ಎಂದರೆ ಅಡುಗೆಮನೆಯಲ್ಲಿ ಒಲೆಯ ಪಕ್ಕದ ಕಟ್ಟೆ. ಸದ್ಯದ ಅಡುಗೆಗೆ ಬೇಕಾದ ಸಾಮಾನೆಲ್ಲ ಕೈಗೆಟುಕುವಂತೆ ಅಲ್ಲಿರುತ್ತದೆ. ಸಂಗ್ರಹವೆಂದರೆ ಉಗ್ರಾಣ. ಕಟ್ಟೆ ದೊಡ್ಡದಿದ್ದರೆ ಹೆಚ್ಚು ಪಾತ್ರೆ ಹರಡಿಕೊಳ್ಳಬಹುದು, ಅಂದರೆ ಹಲವು ಆ್ಯಪ್‌ಗಳನ್ನು ಒಟ್ಟಿಗೆ ತೆರೆದಿಡಬಹುದು. ಕಟ್ಟೆ ತುಂಬಿದಾಗ ಫೋನ್ ಹಳೆಯ ಪಾತ್ರೆಯನ್ನು ಎತ್ತಿಡುತ್ತದೆ. ಯುಪಿಐ ಆ್ಯಪಿನಿಂದ ವಾಟ್ಸ್‌ಆ್ಯಪಿಗೆ ಹೋಗಿ ಮರಳಿ ಬಂದರೆ ಮತ್ತೆ ಮೊದಲಿನಿಂದ ತೆರೆದುಕೊಳ್ಳುವುದು ಇದರಿಂದಲೇ. ಕಂಪನಿಗಳು 'ವರ್ಚುವಲ್ ರ‍್ಯಾಮ್' ಎಂದು ಸೇರಿಸುವ ಆ ಇನ್ನೊಂದು 6 ಜಿಬಿ ಕಟ್ಟೆಯೇ ಅಲ್ಲ. ಉಗ್ರಾಣದ ಒಂದು ಮೂಲೆಗೆ ಕಟ್ಟೆ ಎಂದು ಹೆಸರಿಟ್ಟದ್ದು. ಅಲ್ಲಿಟ್ಟ ಸಾಮಾನು ತರಲು ನಡೆದೇ ಹೋಗಬೇಕು, ಉಗ್ರಾಣದ ಜಾಗವೂ ಅಷ್ಟು ಕಡಿಮೆಯಾಗುತ್ತದೆ. ಹಾಗಾಗಿ ರ‍್ಯಾಮ್ ವಿಷಯದಲ್ಲಿ ಎರಡೂ ಫೋನ್‌ಗಳು ಸಮ: ಆರಕ್ಕೆ ಆರು. ಇವತ್ತಿನ ದಿನ ಆರು ಜಿಬಿ ಸಾಕಾಗುತ್ತದೆ, ನಾಲ್ಕು ಇಕ್ಕಟ್ಟು. ಬೆಲೆಯಲ್ಲಿ ಒಂದೆರಡು ಸಾವಿರದ ವ್ಯತ್ಯಾಸವಿದ್ದರೆ ನಿಜವಾದ ಎಂಟು ಜಿಬಿ ಇರುವುದನ್ನು ತೆಗೆದುಕೊಳ್ಳಿ, ಏಕೆಂದರೆ ಆ್ಯಪ್‌ಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕೊಬ್ಬುತ್ತಲೇ ಹೋಗುತ್ತವೆ.

ಉಗ್ರಾಣದ ಗಾತ್ರವನ್ನು ಎಲ್ಲರೂ ಕೇಳುತ್ತಾರೆ, ಅದರ ಬಾಗಿಲು ಎಷ್ಟು ಅಗಲ ಎಂದು ಕೇಳುವವರು ಕಡಿಮೆ. ಅಗ್ಗದ ಫೋನ್‌ಗಳಲ್ಲಿ ಇನ್ನೂ ಇಎಂಎಂಸಿ ಎಂಬ ಹಳೆಯ ಬಗೆಯ ಸಂಗ್ರಹವಿದೆ. ಅದರ ಗರಿಷ್ಠ ವೇಗ ಸೆಕೆಂಡಿಗೆ 400 ಎಂಬಿ. ಓದುವುದು ಅಥವಾ ಬರೆಯುವುದು, ಒಮ್ಮೆಗೆ ಒಂದೇ ಕೆಲಸ. ಯುಎಫ್‌ಎಸ್ 2.2 ಎಂಬ ಬಗೆಯಲ್ಲಿ ವೇಗ ಅದರ ಎರಡು ಮೂರು ಪಟ್ಟು, ಓದುವುದೂ ಬರೆಯುವುದೂ ಒಟ್ಟಿಗೇ ನಡೆಯುತ್ತದೆ. ಮಲೆನಾಡಿನವರಿಗೆ ಬೇರೆ ಹೋಲಿಕೆ ಬೇಡ: ಒಂದೇ ಲಾರಿ ದಾಟುವ ಹಳೆಯ ಸೇತುವೆಗೂ ಎರಡು ಕಡೆಯ ವಾಹನ ಓಡುವ ಹೊಸ ಸೇತುವೆಗೂ ಇರುವ ವ್ಯತ್ಯಾಸ ಅದು. ಎರಡು ವರ್ಷ ಕಳೆದ ಮೇಲೆ ಫೋನ್ 'ತಡವರಿಸುತ್ತದೆ' ಎಂಬ ದೂರಿನ ಮೂಲ ಎಷ್ಟೋ ಸಲ ಇಲ್ಲಿರುತ್ತದೆ. ಬೈಗುಳ ಮಾತ್ರ ಚಿಪ್ಪಿಗೆ ಹೋಗುತ್ತದೆ. ಇಎಂಎಂಸಿ ಇರುವ ಫೋನನ್ನು ದೀರ್ಘ ಬಳಕೆಗೆ ನಾನು ಯಾರಿಗೂ ಹೇಳುವುದಿಲ್ಲ. ಗಾತ್ರದ ವಿಷಯದಲ್ಲಿ 128 ಜಿಬಿಗಿಂತ ಕೆಳಗೆ ಇಳಿಯಬೇಡಿ. ಶುಭೋದಯದ ಚಿತ್ರಗಳು, ಮದುವೆಯ ವಿಡಿಯೊಗಳು ಸೇರಿ 64 ಜಿಬಿಯನ್ನು ಒಂದೂವರೆ ವರ್ಷದಲ್ಲಿ ಮುಗಿಸುವುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ಚಿಪ್ಪಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಭಾರವಾದ ಆಟಗಳನ್ನು ಆಡದವರಿಗೆ ಈ ಬೆಲೆಯ ಚಿಪ್‌ಗಳ ನಡುವಿನ ಅಂತರ ಕೈಗೆ ತಿಳಿಯುವುದಿಲ್ಲ. ಹೆಸರಿನ ಸಂಖ್ಯೆ ದೊಡ್ಡದಾಯಿತೆಂದು ಮಾತ್ರ ನಂಬಬೇಡಿ. ಮೀಡಿಯಾಟೆಕ್‌ನ ಡೈಮೆನ್ಸಿಟಿ 810 ಎಂಬ 2021ರ ಚಿಪ್ಪೇ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ 2023ರಲ್ಲಿ 6080 ಎಂಬ ಹೊಸ ಹೆಸರು ಪಡೆದು ಬಂತು.

ಚಿಕ್ಕಮ್ಮನ ಊರಿನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ವಿಷಯ ಸಿಗ್ನಲ್. ಶರಾವತಿ ಹಿನ್ನೀರಿನ ಆಚೆಯ ಊರುಗಳಲ್ಲಿ ಒಂದು ಗುಡ್ಡದ ಈಚೆಗೆ ಸಿಗುವ ನೆಟ್‌ವರ್ಕ್ ಆಚೆಗೆ ಸಿಗುವುದಿಲ್ಲ. ಅಂಗಡಿಯವರು 'ಇದು 5ಜಿ ಫೋನ್' ಎಂದು ಮಾತು ಮುಗಿಸುತ್ತಾರೆ. ಕೇಳಬೇಕಾದ ಪ್ರಶ್ನೆ, ಯಾವ ಬ್ಯಾಂಡ್‌ಗಳು ಎಂಬುದು.

ಆಕಾಶವಾಣಿಯ ಕಾಲವನ್ನು ನೆನಪಿಸಿಕೊಂಡರೆ ಇದು ಅರ್ಥವಾಗುತ್ತದೆ. ರೇಡಿಯೊದಲ್ಲಿ ಭದ್ರಾವತಿ ಕೇಂದ್ರಕ್ಕೊಂದು, ಧಾರವಾಡಕ್ಕೊಂದು ಕಂಪನಾಂಕವಿದ್ದಂತೆ ಮೊಬೈಲ್ ಕಂಪನಿಗಳಿಗೂ ಕಂಪನಾಂಕಗಳ ಪಟ್ಟಿಗಳಿವೆ, ಅವೇ ಬ್ಯಾಂಡ್‌ಗಳು. ರೇಡಿಯೊದ ಮುಳ್ಳು ಹೋಗದ ಕಡೆಯ ಕೇಂದ್ರ ಕೇಳಿಸದಂತೆ, ಫೋನಿನ ಆಂಟೆನಾಕ್ಕೆ ಗೊತ್ತಿಲ್ಲದ ಬ್ಯಾಂಡ್‌ನಲ್ಲಿ ಟವರ್ ಎಷ್ಟು ಕೂಗಿದರೂ ಪ್ರಯೋಜನವಿಲ್ಲ. ಕೆಳಗಿನ ಕಂಪನಾಂಕದ ಅಲೆ ದೂರ ಹೋಗುತ್ತದೆ, ಗೋಡೆ ಮತ್ತು ಮರಗಳ ನಡುವೆ ಅಷ್ಟಾಗಿ ಕುಗ್ಗುವುದಿಲ್ಲ. ಮೇಲಿನದು ಹೆಚ್ಚು ವೇಗ ಕೊಡುತ್ತದೆ, ಆದರೆ ಬೇಗ ಸೋಲುತ್ತದೆ. ನಗರಗಳಲ್ಲಿ 5ಜಿಯ ಮುಖ್ಯ ಬ್ಯಾಂಡ್ ಆದ ಎನ್78 ಇರುವುದು 3,300 ಮೆಗಾಹರ್ಟ್ಸ್‌ಗಿಂತ ಮೇಲೆ. ಅದರ ಅಲೆಯ ಉದ್ದ ಒಂದು ಗೇಣಿನ ಅರ್ಧಕ್ಕಿಂತಲೂ ಕಡಿಮೆ. 700 ಮೆಗಾಹರ್ಟ್ಸ್‌ನ ಅಲೆ ಸುಮಾರು ಒಂದು ಮೊಳ. ಕಾಡು, ಗುಡ್ಡ, ತೋಟದ ನಡುವಿನ ಒಂಟಿ ಮನೆಗೆ ತಲುಪುವುದು ಈ ಮೊಳದುದ್ದದ ಅಲೆ.

ಈ 700 ಮೆಗಾಹರ್ಟ್ಸ್ 4ಜಿಯಲ್ಲಿ ಬ್ಯಾಂಡ್ 28, 5ಜಿಯಲ್ಲಿ ಎನ್28 ಎಂದು ಕರೆಸಿಕೊಳ್ಳುತ್ತದೆ. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಯನ್ನು ದೇಶಕ್ಕೆ ಸಮರ್ಪಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಅದು ಬಳಸುವ ಬ್ಯಾಂಡ್‌ಗಳಲ್ಲಿ 28 ಮುಖ್ಯವಾದದ್ದು. ಅದುವರೆಗೆ 4ಜಿ ತಲುಪದಿದ್ದ 24,680 ಹಳ್ಳಿಗಳಿಗೆ ಟವರ್ ಹಾಕಲು ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟ ಯೋಜನೆಯನ್ನು ನಡೆಸುತ್ತಿರುವುದೂ ಬಿಎಸ್‌ಎನ್‌ಎಲ್. ಜಿಯೊ ತನ್ನ 5ಜಿಗೆ ಎನ್28 ಬಳಸುತ್ತದೆ. ಇಷ್ಟಿದ್ದೂ ಕಡಿಮೆ ಬೆಲೆಯ ಹಲವು ಫೋನ್‌ಗಳಲ್ಲಿ 4ಜಿಯ ಬ್ಯಾಂಡ್ 28 ಇರುವುದಿಲ್ಲ. ಬೆಂಗಳೂರಿನಲ್ಲಿ ಇದರ ಕೊರತೆ ಯಾರಿಗೂ ತಿಳಿಯುವುದಿಲ್ಲ, ತುಮರಿಯಲ್ಲಿ ಫೋನ್ ಬರೀ ಗಡಿಯಾರವಾಗಬಹುದು. ಕಂಪನಿಯ ಜಾಲತಾಣದಲ್ಲಿ ಫೋನಿನ ಪೂರ್ಣ ವಿವರದ ಕೊನೆಗೆ ನೆಟ್‌ವರ್ಕ್ ಎಂಬ ಭಾಗದಲ್ಲಿ ಈ ಪಟ್ಟಿ ಇರುತ್ತದೆ. ಹುಡುಕಿ ನೋಡಿದೆ: ಮೊದಲ ಫೋನಿನ 4ಜಿ ಪಟ್ಟಿಯಲ್ಲಿ 1, 3, 5, 8, 40, 41. ಎರಡನೆಯದರಲ್ಲಿ ಇವುಗಳ ಜೊತೆ 28ನೆಯದೂ ಇತ್ತು. ನನ್ನ ಮಟ್ಟಿಗೆ ತೀರ್ಮಾನ ಇಲ್ಲಿಗೇ ಆಗಿಹೋಗಿತ್ತು.

ಇದರ ಜೊತೆಗೆ ವೈಫೈ ಕರೆ ಎಂಬ ಸೌಲಭ್ಯವಿದೆಯೇ ನೋಡಿಕೊಳ್ಳಿ. ಹಳ್ಳಿಮನೆಗಳಿಗೂ ಈಗ ಫೈಬರ್ ಸಂಪರ್ಕ ಬಂದಿದೆ. ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ ಮನೆಯ ವೈಫೈ ಮೂಲಕ ಅದೇ ಸಂಖ್ಯೆಯಿಂದ ಸಾಮಾನ್ಯ ಕರೆ ಹೋಗುತ್ತದೆ, ಬರುತ್ತದೆ. ಫೋನೂ ಸಿಮ್ ಕಂಪನಿಯೂ ಎರಡೂ ಅದಕ್ಕೆ ಒಪ್ಪಬೇಕು, ಸೆಟ್ಟಿಂಗ್ಸ್‌ನಲ್ಲಿ ಅದನ್ನು ಚಾಲೂ ಮಾಡಬೇಕು. ಎಷ್ಟೋ ಮನೆಗಳಲ್ಲಿ ಇದು ಇದ್ದೂ ಮುಚ್ಚಿಯೇ ಇರುತ್ತದೆ.

108 ಮೆಗಾಪಿಕ್ಸೆಲ್ ಕ್ಯಾಮೆರಾ 50ರದ್ದಕ್ಕಿಂತ ಎರಡು ಪಟ್ಟು ಚೆನ್ನಾಗಿರಬೇಕಲ್ಲವೇ ಎಂದು ಚಿಕ್ಕಮ್ಮ ಮರುದಿನ ಕೇಳಿದರು. ನ್ಯಾಯವಾದ ಪ್ರಶ್ನೆ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಒಂದು ಪುಟ್ಟ ಫಲಕವಿದೆ, ಅದೇ ಸೆನ್ಸರ್. ಅದನ್ನು ಸಣ್ಣ ಸಣ್ಣ ಚೌಕಗಳಾಗಿ ಭಾಗಿಸಿದರೆ ಒಂದೊಂದು ಚೌಕವೂ ಒಂದು ಪಿಕ್ಸೆಲ್. ಮಳೆ ಬರುವಾಗ ಅಂಗಳದಲ್ಲಿ ಲೋಟಗಳನ್ನು ಜೋಡಿಸಿಟ್ಟಂತೆ ಎಂದುಕೊಳ್ಳಿ. ಅಂಗಳ ಅಷ್ಟೇ ಇದ್ದು ಲೋಟಗಳ ಸಂಖ್ಯೆ ಹೆಚ್ಚಿಸಿದರೆ ಲೋಟಗಳು ಚಿಕ್ಕದಾಗುತ್ತವೆ. ಒಟ್ಟು ಸಿಗುವ ನೀರು ಹೆಚ್ಚುವುದಿಲ್ಲ. ಸಂಜೆಯ ಮಂದ ಬೆಳಕಿನಲ್ಲಿ ಚಿಕ್ಕ ಲೋಟದ ತಳವೂ ಒದ್ದೆಯಾಗುವುದಿಲ್ಲ. ಅದಕ್ಕೇ ಫೋನ್ ಅಕ್ಕಪಕ್ಕದ ಲೋಟಗಳನ್ನು ಒಂದಕ್ಕೆ ಸುರಿಯುತ್ತದೆ. 108ರ ಕ್ಯಾಮೆರಾ ಒಂಬತ್ತು ಪಿಕ್ಸೆಲ್‌ಗಳನ್ನು ಒಂದು ಮಾಡುತ್ತದೆ, 50ರದ್ದು ನಾಲ್ಕನ್ನು ಒಂದು ಮಾಡುತ್ತದೆ. ಭಾಗಿಸಿ ನೋಡಿ: ಒಂದರಲ್ಲಿ 12, ಇನ್ನೊಂದರಲ್ಲಿ 12.5. ನಾವು ದಿನವೂ ತೆಗೆಯುವ ಚಿತ್ರ ಎರಡರಲ್ಲೂ ಹೆಚ್ಚುಕಡಿಮೆ 12 ಮೆಗಾಪಿಕ್ಸೆಲ್‌ನದೇ.

ಹಾಗಾದರೆ ವ್ಯತ್ಯಾಸ ಬರುವುದು ಅಂಗಳದ ಅಗಲದಿಂದ, ಮಸೂರದ ಗುಣದಿಂದ, ಕೈನಡುಕವನ್ನು ತಡೆಯುವ ಏರ್ಪಾಟಿನಿಂದ. ಎರಡನೆಯ ಫೋನಿನಲ್ಲಿ ಒಐಎಸ್ ಇತ್ತು: ಕೈ ಅಲುಗಿದರೆ ಮಸೂರವೇ ಎದುರು ದಿಕ್ಕಿಗೆ ಸರಿದು ಚಿತ್ರ ಕದಡದಂತೆ ನೋಡಿಕೊಳ್ಳುವ ಯಂತ್ರ. ಮರದ ನೆರಳಿನ ತೋಟದಲ್ಲಿ, ಅರವತ್ತು ದಾಟಿದ ಕೈಗೆ ಇದು ದೊಡ್ಡ ಸಹಾಯ. ಹಿಂಬದಿಯಲ್ಲಿ ಮೂರು ನಾಲ್ಕು ಕಣ್ಣುಗಳಿವೆ ಎಂದು ಖುಷಿಪಡುವುದೂ ಬೇಡ. 2 ಮೆಗಾಪಿಕ್ಸೆಲ್‌ನ 'ಮ್ಯಾಕ್ರೊ', 'ಡೆಪ್ತ್' ಎಂಬ ಹೆಸರಿನವು ಹೆಚ್ಚಾಗಿ ಸಂಖ್ಯೆ ತುಂಬಲು ಇರುವಂಥವು. ಎಲೆಯ ಮೇಲಿನ ಚುಕ್ಕಿಯ ಚಿತ್ರ ಬೇಕಾದರೆ ಮುಖ್ಯ ಕ್ಯಾಮೆರಾದಲ್ಲೇ ಒಂದಡಿ ದೂರದಿಂದ ತೆಗೆದು ಹಿಗ್ಗಿಸಿದರೆ ಅದಕ್ಕಿಂತ ಸ್ಪಷ್ಟವಾಗಿ ಬರುತ್ತದೆ.

ಪರದೆಯ ಮಾತು ಬೇಗ ಮುಗಿಯುತ್ತದೆ. ಎರಡೂ ಅಮೊಲೆಡ್, ಅಂದರೆ ಪ್ರತಿ ಚುಕ್ಕಿಯೂ ತಾನೇ ಬೆಳಗುವ ಬಗೆ. ಮೊದಲನೆಯದು ಸೆಕೆಂಡಿಗೆ 120 ಬಾರಿ, ಎರಡನೆಯದು 90 ಬಾರಿ ಚಿತ್ರ ಬದಲಿಸುತ್ತದೆ. 60ರಿಂದ 90ಕ್ಕೆ ಬಂದಾಗ ಸರಾಗತೆ ಕಣ್ಣಿಗೆ ಕಾಣುತ್ತದೆ, 90ರಿಂದ 120ಕ್ಕೆ ಹೋದದ್ದನ್ನು ಹೆಚ್ಚಿನವರು ಗುರುತಿಸಲಾರರು. ಬಿಸಿಲಿನಲ್ಲಿ ಅಕ್ಷರ ಕಾಣುವುದೇ ಮುಖ್ಯ. ಸಾವಿರಾರು ನಿಟ್ಸ್ (ಹೊಳಪಿನ ಅಳತೆ) ಎಂಬ ಜಾಹೀರಾತಿನ ಸಂಖ್ಯೆ ಪರದೆಯ ಒಂದು ಚೂರು ಭಾಗದ ಕ್ಷಣಿಕ ಹೊಳಪಾಗಿರಬಹುದು. ಆದ್ದರಿಂದ ಅಂಗಡಿಯವರನ್ನು ಕೇಳಿ ಪ್ರದರ್ಶನಕ್ಕಿಟ್ಟ ಫೋನನ್ನು ಬಾಗಿಲಿನಾಚೆ ಬಿಸಿಲಿಗೆ ತಂದು ನೋಡಿ. ಹಾಗೆಯೇ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರದ ಗಾತ್ರವನ್ನು ಅತಿ ದೊಡ್ಡದಕ್ಕೆ ಇಟ್ಟು, ಕರೆಯ ಪರದೆಯನ್ನೂ ಸಂದೇಶಗಳನ್ನೂ ತೆರೆದು ನೋಡಿ. ಕೆಲವು ಫೋನ್‌ಗಳಲ್ಲಿ ಕನ್ನಡದ ಉದ್ದ ಪದಗಳು ಗುಂಡಿಯೊಳಗೆ ಹಿಡಿಸದೆ ಅರ್ಧಕ್ಕೇ ಕತ್ತರಿಸಿಹೋಗುತ್ತವೆ. ಹಿರಿಯರು ದಿನವೂ ನೋಡಬೇಕಾದ ಪರದೆ ಅದು. ಈ ಐದು ನಿಮಿಷದ ಪರೀಕ್ಷೆಯನ್ನು ಯಾವ ವಿಮರ್ಶೆಯ ವಿಡಿಯೊವೂ ಮಾಡಿ ತೋರಿಸುವುದನ್ನು ನಾನು ಕಂಡಿಲ್ಲ.

ಬ್ಯಾಟರಿಯಲ್ಲಿ ಮೊದಲ ಫೋನಿನ ಪರವಾಗಿ ಹೇಳಬೇಕಾದದ್ದಿದೆ. ಮಳೆಗಾಲದಲ್ಲಿ ಆ ಕಡೆ ಕರೆಂಟು ಹೋದರೆ ಯಾವಾಗ ಬಂದೀತೆಂದು ಹೇಳಲಾಗದು. ಒಂದು ಗಂಟೆ ಬಂದು ಮತ್ತೆ ಹೋಗುವ ಕರೆಂಟಿನಲ್ಲಿ 67 ವ್ಯಾಟ್‌ನ ಫೋನ್ ಪೂರ್ತಿ ತುಂಬುತ್ತದೆ, 25 ವ್ಯಾಟ್‌ನದು ಮುಕ್ಕಾಲು ಪಾಲಷ್ಟೇ. ನಗರದ ಪರಿಣತರು ವೇಗದ ಚಾರ್ಜಿಂಗನ್ನು ಆಡಂಬರ ಎನ್ನುತ್ತಾರೆ. ಮಲೆನಾಡಿನ ಆಷಾಢವನ್ನು ಕಂಡವರು ಹಾಗೆನ್ನಲಾರರು. ಆದರೆ ಆ 67 ವ್ಯಾಟ್ ಸಿಗುವುದು ಅದೇ ಕಂಪನಿಯ ಚಾರ್ಜರ್ ಮತ್ತು ಅದೇ ವೈರ್ ಇದ್ದಾಗ ಮಾತ್ರ. ಎರಡನೆಯದು ಯುಎಸ್‌ಬಿ ಪಿಡಿ ಎಂಬ ಎಲ್ಲರಿಗೂ ಸಾಮಾನ್ಯವಾದ ಪದ್ಧತಿಯದು. ಆ ಪದ್ಧತಿಯ ಒಳ್ಳೆಯ ಚಾರ್ಜರ್ ಯಾವ ಕಂಪನಿಯದಾದರೂ ನಡೆಯುತ್ತದೆ. ಚಾರ್ಜರ್ ಬೇರೆ ಕೊಳ್ಳಬೇಕಾದ ಖರ್ಚನ್ನು ಮಾತ್ರ ಬೆಲೆಗೆ ಸೇರಿಸಿಯೇ ಹೋಲಿಸಬೇಕು.

ಯಾವ ಫೋನಾದರೂ ಬ್ಯಾಟರಿ ಸವೆಯುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಯ ಆಯಸ್ಸನ್ನು ಸುತ್ತುಗಳಲ್ಲಿ ಅಳೆಯುತ್ತಾರೆ. ಒಟ್ಟು ನೂರು ಪ್ರತಿಶತ ಬಳಸಿದರೆ ಒಂದು ಸುತ್ತು. ಇಂದು ಅರ್ಧ, ನಾಳೆ ಅರ್ಧ ಬಳಸಿದರೂ ಒಂದೇ ಸುತ್ತು. ಮೇಲೆ ಹೇಳಿದ ಐರೋಪ್ಯ ನಿಯಮ 800 ಸುತ್ತಿನ ನಂತರವೂ ಶೇ 80ರಷ್ಟು ಸಾಮರ್ಥ್ಯ ಉಳಿಯಬೇಕು ಎನ್ನುತ್ತದೆ. ದಿನಕ್ಕೊಂದು ಸುತ್ತಾದರೆ 800 ಎಂದರೆ ಎರಡು ವರ್ಷ ಎರಡು ತಿಂಗಳು. ಅಂದರೆ ಐದು ವರ್ಷ ಬಾಳಬೇಕಾದ ಫೋನಿಗೆ ನಡುವೆ ಒಮ್ಮೆ ಹೊಸ ಬ್ಯಾಟರಿ ಹಾಕಿಸಲೇಬೇಕಾಗುತ್ತದೆ. ಅದು ನಮ್ಮನ್ನು ಸರ್ವಿಸ್ ಸೆಂಟರಿನ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

2025ರ ಜುಲೈವರೆಗೆ ತುಮರಿಯಿಂದ ಸಾಗರಕ್ಕೆ ಬರಲು ಹಿನ್ನೀರು ದಾಟಿಸುವ ಲಾಂಚ್ ಹಿಡಿಯಬೇಕಿತ್ತು. ಸಿಗಂದೂರು ಸೇತುವೆ ತೆರೆದ ಮೇಲೆ ಆ ಕಷ್ಟ ತಪ್ಪಿದೆ, ನಿಜ. ಆದರೆ ಮೊದಲ ಫೋನಿನ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಸಾಗರದಲ್ಲಿರಲಿಲ್ಲ, ಇದ್ದದ್ದು ಅಲ್ಲಿಂದ ಸುಮಾರು 70 ಕಿಲೋಮೀಟರ್ ಆಚೆ ಶಿವಮೊಗ್ಗದಲ್ಲಿ. ಪರದೆ ಒಡೆದರೆ ಬದಲಿಸಲು ಎಷ್ಟಾಗುತ್ತದೆ ಎಂದು ಕೊಳ್ಳುವ ಮೊದಲೇ ಕೇಳಿ. ಕೆಲವು ಕಂಪನಿಗಳು ಬಿಡಿಭಾಗಗಳ ಬೆಲೆಯನ್ನು ಜಾಲತಾಣದಲ್ಲೇ ಪ್ರಕಟಿಸಿವೆ. ನಮ್ಮ ಭಾವನ ಫೋನಿನ ಪರದೆಯ ಮೇಲೆ ವಾರಂಟಿ ಮುಗಿದ ತಿಂಗಳಲ್ಲೇ ಉದ್ದಕ್ಕೂ ಒಂದು ಹಸಿರು ಗೆರೆ ಮೂಡಿತು. ದುರಸ್ತಿಗೆ ಕೇಳಿದ ಮೊತ್ತ ಫೋನಿನ ಅಂದಿನ ಬೆಲೆಯ ಅರ್ಧದಷ್ಟಿತ್ತು. ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿಯ ಹಕ್ಕಿನ ಜಾಲತಾಣ ತೆರೆದಿದೆ. ಫೋನ್‌ಗಳಿಗೆ ದುರಸ್ತಿ ಸೂಚ್ಯಂಕ, ಅಂದರೆ ದುರಸ್ತಿ ಎಷ್ಟು ಸುಲಭ ಎಂಬುದಕ್ಕೆ ಅಂಕ, ಕೊಡುವ ಬಗ್ಗೆ ಇಲಾಖೆ ನೇಮಿಸಿದ ಸಮಿತಿ 2025ರಲ್ಲಿ ವರದಿ ಸಲ್ಲಿಸಿದೆ. ಯುರೋಪಿನ ಫೋನ್ ಡಬ್ಬಿಗಳ ಜೊತೆ ಈಗಾಗಲೇ ಅಂಥ ಚೀಟಿ ಬರುತ್ತದೆ. ಫ್ರಿಜ್ಜಿನ ಮೇಲೆ ನಕ್ಷತ್ರ ನೋಡಿ ಕೊಳ್ಳಲು ಕಲಿತ ನಮ್ಮ ಜನ ಈ ಚೀಟಿಯನ್ನೂ ಖಂಡಿತ ಓದುತ್ತಾರೆ. ಅದು ಬೇಗ ಬರಲಿ.

ಚಿಕ್ಕಮ್ಮನ ಮಗ ಐಫೋನ್ ಕೊಡಿಸುತ್ತೇನೆ ಎಂದಿದ್ದನಂತೆ. ಅದನ್ನೂ ತೂಗಿ ನೋಡಿದೆ. ದೀರ್ಘ ಆಯಸ್ಸಿನ ಮಾತಿಗೆ ಐಫೋನ್ ಹಳೆಯ ಉದಾಹರಣೆ: 2018ರ ಐಫೋನ್ ಎಕ್ಸ್‌ಆರ್‌ಗೆ ಹೊಸ ಆವೃತ್ತಿಗಳು ನಿಂತದ್ದು 2025ರಲ್ಲಿ. ನಮ್ಮ ನರಸಾಪುರದಲ್ಲೂ ದೇವನಹಳ್ಳಿಯಲ್ಲೂ ಅವು ತಯಾರಾಗುತ್ತವೆ ಎಂಬ ಹೆಮ್ಮೆಯೂ ಇದೆ. ಆದರೆ ಮೂರು ಪಟ್ಟು ಬೆಲೆ ಕೊಟ್ಟು, ಹತ್ತು ವರ್ಷದಿಂದ ರೂಢಿಯಾದ ಗುಂಡಿ, ಕೀಲಿಮಣೆಗಳನ್ನೆಲ್ಲ ಬಿಟ್ಟು ಹೊಸದಾಗಿ ಕಲಿಯಬೇಕು. ಚಿಕ್ಕಮ್ಮನೇ ಬೇಡವೆಂದರು: "ತೋಟಕ್ಕೆ ಒಯ್ಯಲು ಭಯವಾಗುವ ಫೋನ್ ನನಗೇಕೆ?"

ಮುಂದಿನ ವಾರ ನಾನೇ ಸಾಗರಕ್ಕೆ ಹೋದೆ. ಎರಡನೆಯ ಫೋನನ್ನೇ ತೆಗೆದುಕೊಂಡೆವು. ಡಬ್ಬಿ ತೆರೆದ ಮೇಲೆ *#06# ಒತ್ತಿ, ಪರದೆಯ ಮೇಲೆ ಬಂದ 15 ಅಂಕಿಯ ಐಎಂಇಐ (ಪ್ರತಿ ಫೋನಿಗೂ ಬೇರೆಯಾದ ಗುರುತು) ಸಂಖ್ಯೆ ಡಬ್ಬಿಯ ಮೇಲಿನದಕ್ಕೂ ಬಿಲ್ಲಿನಲ್ಲಿ ಬರೆದದ್ದಕ್ಕೂ ಹೊಂದುತ್ತದೆಯೇ ನೋಡಿದೆವು. ಬಳಸಿದ ಫೋನ್ ಕೊಳ್ಳುವವರಿಗಂತೂ ಇದು ಕಡ್ಡಾಯ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು 14422ಕ್ಕೆ ಸಂದೇಶ ಕಳಿಸಿದರೆ ಫೋನಿನ ವಿವರ ಬರುತ್ತದೆ. ಕದ್ದದ್ದೆಂದು ತಡೆಹಿಡಿದ ಫೋನಾದರೆ ಅದೂ ತಿಳಿಯುತ್ತದೆ. ಬೇಡದ ಆ್ಯಪ್‌ಗಳನ್ನು ಅಂಗಡಿಯ ಬೆಂಚಿನ ಮೇಲೆಯೇ ಕುಳಿತು ತೆಗೆದುಹಾಕಿದೆವು, ವೈಫೈ ಕರೆಯನ್ನು ಚಾಲೂ ಮಾಡಿದೆವು. ಮಳೆಗಾಲಕ್ಕೆಂದು ಒಂದು ಪವರ್ ಬ್ಯಾಂಕ್ ಕೂಡ ಕೊಂಡೆವು.

ಹಳೆಯ ಫೋನನ್ನು ಎಸೆಯಲು ಚಿಕ್ಕಪ್ಪ ಒಪ್ಪಲಿಲ್ಲ. ಸೆಟ್ಟಿಂಗ್ಸ್ ತೆರೆದು ನೋಡಿದರೆ ಅದರ ಕೊನೆಯ ಭದ್ರತಾ ಅಪ್‌ಡೇಟ್ 2021ರ ನವೆಂಬರ್‌ನದು. ಯುಪಿಐ, ಬ್ಯಾಂಕು, ಇಮೇಲ್ ಎಲ್ಲವನ್ನೂ ಅಳಿಸಿ, ಸಿಮ್ ತೆಗೆದು, ಮನೆಯ ವೈಫೈಗೆ ಮಾತ್ರ ಜೋಡಿಸಿ ಅವರ ಕೈಗೆ ಕೊಟ್ಟೆ. ಈಗ ಅದು ಜಗಲಿಯ ಕಂಬಕ್ಕೆ ಒರಗಿ ರಾತ್ರಿಯಿಡೀ ಯಕ್ಷಗಾನ ತೋರಿಸುತ್ತದೆ.